ನೀರೊಳಗಿನ ಅಡವಿಗೆ ಹೊರಟ ಅಜ್ಜಿ

ಶಾಲೆಗೆ ಶುಕ್ರವಾರ ರಜೆ ಇರುತ್ತಿದ್ದ, ಹುಡುಗರು ಅಲ್ಲಿ ಉರ್ದುವಿನ ಅಲಿಫ್ ಬೇ ಬರೆದು ಮನೆಗೆ ಬಂದು ಕನ್ನಡದಲ್ಲಿ ಜಗಳಾಡುತ್ತಿದ್ದ ನಿಜಾಮರ ಕಾಲದ ದಿನಗಳವು. ಮಸ್ಕಿಯ ನಮಗೆ ಪರವೂರು ಎಂದರೆ ಲಿಂಗಸುಗೂರು, ಹೆಚ್ಚೆಂದರೆ ಸಿಂಧನೂರು. ಅಂಥದ್ದರಲ್ಲಿ ನನ್ನ ಅಜ್ಜಿ, ಅಪ್ಪನ ತಾಯಿ ಗುರವ್ವ, ಕೃಷ್ಣೆ ಸಮುದ್ರ ಸೇರುವ ಸೀಮೆಗೆ ಹೋಗುತ್ತೇನೆಂದು ಎದ್ದು ನಿಂತಳು.

ಕಾರಣ ಅಪ್ಪನ ತಂಗಿ ನೀಲತ್ತೆ. ಅವಳ ಗಂಡ ಅಲ್ಲಿನ ಉಪ್ಪಿನ ಕಚೇರಿಯಲ್ಲಿ ಗುಮಾಸ್ತ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ದೋಣಿ, ಗಾಡಿ, ರೈಲು ಹತ್ತಿಳಿದು ಇಷ್ಟು ದೂರ ಬರುವ ಶಕ್ತಿ ಅವಳಿಗಿರಲಿಲ್ಲ. ನೋಡಿಕೊಳ್ಳಲು ಮನೆಯಲ್ಲಿ ಗಂಡನ ತಾಯಿಯೂ ಇರಲಿಲ್ಲ.

"ಅಕಿ ತವರಿಗೆ ಬರಾಕ ಆಗಂಗಿಲ್ಲಂದ್ರ ತವರ ಅಕಿ ಕಡೆ ಹೋಗತೈತಿ," ಎಂದಳು ಅಜ್ಜಿ. ಅಪ್ಪ ಕರೆದೊಯ್ಯಬೇಕು. ಅತ್ತು ಕರೆದು ನಾನೂ ಆ ಗುಂಪಿಗೆ ಸೇರಿಕೊಂಡೆ.

ಆ ಸೀಮೆಯ ಸುದ್ದಿಯೆಲ್ಲ ನಮಗೆ ಹೇಳಿದವರು ಗುಂಟೂರಿನಿಂದ ಮೆಣಸಿನಕಾಯಿ ತಂದು ಮಾರುತ್ತಿದ್ದ ಸಿಂಧನೂರಿನ ಶೆಟ್ಟರು. "ಅಲ್ಲಿ ಮಡ ಅಡವಿ ಅಂತ ಐತಮ್ಮಾ. ಗಿಡ ಎಲ್ಲಾ ಉಪ್ಪುನೀರಾಗ ನಿಂತಾವ. ಬೇರು ಕೆಸರಾಗಿಂದ ಮ್ಯಾಲ ಎದ್ದಿರತಾವ. ದಿನಾ ಸಮುದ್ರದ ನೀರು ಅಡವಿಯೊಳಗ ಬಂದು ಹೊಳ್ಳಿ ಹೋಗತೈತಿ," ಎಂದು ಅವರು ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದಾಗ ಅಜ್ಜಿ ಕೆನ್ನೆಗೆ ಕೈ ಹಚ್ಚಿದಳು. ಮರುದಿನವೇ ನಾವು ಹುಡುಗಿಯರು ಮಸ್ಕಿ ಹಳ್ಳದ ಉಸುಕಿನಲ್ಲಿ ಜೋಳದ ದಂಟುಗಳನ್ನು ಬೇರು ಮೇಲಾಗಿ, ತಲೆಕೆಳಗಾಗಿ ನೆಟ್ಟು, ಬೊಗಸೆಯಲ್ಲಿ ನೀರು ತಂದು ಸುರಿದು ನಮ್ಮದೊಂದು ಅಡವಿ ಮಾಡಿದೆವು. ಬೇರು ಮೇಲಿದ್ದರೆ ಎಲೆ ಎಲ್ಲಿರಬೇಕು ಎಂಬ ಜಗಳ ಸಂಜೆಯವರೆಗೂ ಮುಗಿಯಲಿಲ್ಲ.

ಮನೆಯಲ್ಲಿ ತಯಾರಿ ಜೋರಾಗಿ ನಡೆಯಿತು. ಕಟಕರೊಟ್ಟಿ, ಶೇಂಗಾ ಚಟ್ನಿ, ಬಾಣಂತಿಗೆ ಅಂಟು, ಉತ್ತತ್ತಿ, ಒಣಕೊಬ್ಬರಿ. ಅಜವಾನ ಹುರಿದ ವಾಸನೆ ನಮ್ಮ ಹಾಸಿಗೆ ಹೊದಿಕೆಗೂ ಹತ್ತಿಕೊಂಡಿತ್ತು. ಕೊನೆಗೆ ಅಜ್ಜಿ ಒಂದು ಗೋಣಿಚೀಲದ ತುಂಬ ಸಗಣಿಯ ಕುಳ್ಳು ತುಂಬಿಸಿದಳು.

"ಅವ್ವಾ, ಕುಳ್ಳ ಹೊತ್ತು ರೈಲು ಹತ್ತಿದ್ರ ಮಂದಿ ನಗತಾರ," ಎಂದ ಅಪ್ಪ.

"ನಗಲಿ. ನೀರಾಗ ನಿಂತ ಕಟಗಿ ಹೆಂಗ ಉರದೀತು? ನನ್ನ ಮಗಳಿಗೆ ಹೊಗಿ ಯಾರ ಹಾಕ್ತಾರ, ನಿಮ್ಮ ತಹಸೀಲ್ದಾರನ?"

ಅಪ್ಪ ಲಿಂಗಸುಗೂರಿನ ತಹಸೀಲಿನಲ್ಲಿ ಕಾರಕೂನ. ತಹಸೀಲ್ದಾರರು ರಜೆ ಕೊಡದೆ ಹೊರಡುವಂತಿರಲಿಲ್ಲ. ಇತ್ತ ಸ್ವಾಮಿಗಳು ಹೇಳಿದ ಒಳ್ಳೆಯ ದಿನ ಬಂದೇಬಿಟ್ಟಿತು. ಆಗ ಅಜ್ಜಿ ಪ್ರಸ್ಥಾನ ಇಟ್ಟಳು. ಹೊರಡುವ ಗಳಿಗೆಗೆ ಹೊರಡಲಾಗದಿದ್ದರೆ ಉಡುವ ಸೀರೆ, ಅರಿಶಿನಕೊಂಬು, ಅಡಿಕೆ ಗಂಟು ಕಟ್ಟಿ ಬೇರೆ ಮನೆಯಲ್ಲಿ ಇಡುವ ಪದ್ಧತಿ ಅದು. ಗಂಟು ಹೊಸ್ತಿಲು ದಾಟಿತೆಂದರೆ ಆ ಮನುಷ್ಯ ಊರು ಬಿಟ್ಟಂತೆಯೇ ಲೆಕ್ಕ. ಎದುರು ಮನೆಯ ಮಾಬವ್ವ ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು, "ಬೇಫಿಕರ್ ಹೋಗಿ ಬಾ ಅಕ್ಕಾ," ಎಂದು ತನ್ನ ಅಟ್ಟದ ಮೇಲಿಟ್ಟಳು.

ಅವತ್ತಿನಿಂದ ಅಜ್ಜಿ ನಮ್ಮ ಪಾಲಿಗೆ ಊರಲ್ಲಿ ಇರಲಿಲ್ಲ. ಉಂಡಳು, ಮಲಗಿದಳು, ನಮಗೆಲ್ಲ ಬೈದಳು. ಆದರೆ ಊರಲ್ಲಿ ಇರಲಿಲ್ಲ. ಕಟ್ಟೆಗೆ ಬರಲಿಲ್ಲ. ಯಾರಾದರೂ ಕರೆದರೆ ಬಾಗಿಲ ಸಂದಿಯಿಂದ ನನಗೆ ಸನ್ನೆ ಮಾಡುವಳು. ಒಮ್ಮೆ ಶೆಟ್ಟರೇ ಬಂದು, "ಅಮ್ಮ ಎಲ್ಲಿ ತಾಯೀ?" ಎಂದರು.

"ಊರಾಗಿಲ್ರಿ. ನೀಲತ್ತಿ ಕಡೆ ಹೊಂಟು ಹೋಗ್ಯಾಳ," ಎಂದು ನಾನು ಪಾಠ ಒಪ್ಪಿಸಿದೆ.

"ಹಂಗೇನು! ಛಲೋ ಆತು," ಎಂದು ಅವರು ಗುಂಟೂರಿನ ಕಡೆ ಗಾಡಿ ಹೊಡೆಸಿಕೊಂಡು ಹೋದರು. ಬಾಗಿಲ ಹಿಂದಿನಿಂದ ಅಜ್ಜಿ ನನ್ನ ಬೆನ್ನು ಸವರಿದಳು.

ರಜೆ ಬರಲಿಲ್ಲ. ಪ್ರತಿ ಶುಕ್ರವಾರ ಅಪ್ಪ ಮನೆಗೆ ಬಂದು ಇಲ್ಲವೆಂದು ತಲೆ ಆಡಿಸುತ್ತಿದ್ದ. ರೊಟ್ಟಿ ಮುಗ್ಗುಗಟ್ಟುವ ಮೊದಲೇ ನಾವು ತಿಂದು ಮುಗಿಸುತ್ತಿದ್ದೆವು. ನನ್ನ ಅವ್ವ ಮತ್ತೆ ಬಡಿಯುತ್ತಿದ್ದಳು. ಅಜ್ಜಿಯ ಬೈಗುಳ ದಿನದಿನಕ್ಕೆ ಕಡಿಮೆಯಾಯಿತು. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಒಂದು ಶುಕ್ರವಾರ ಅಪ್ಪ ತಂತಿಯ ಕಾಗದ ಹಿಡಿದು ಬಾಗಿಲಲ್ಲೇ ಕೂಗಿದ: "ಅವ್ವಾ, ತಾರು ಬಂದೈತಿ. ಹೆಣ್ಣು ಹಡದಾಳ. ತಾಯಿ ಮಗಳು ಇಬ್ಬರೂ ಆರಾಮ ಅದಾರ."

ಅವ್ವ ಸಕ್ಕರೆ ತರಲು ಒಳಗೆ ಓಡಿದಳು. ಅಜ್ಜಿ ನಕ್ಕಳು, ನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ನನ್ನ ಕೂಸು ಒಬ್ಬಾಕಿನ ನೋವು ತಿಂದಾಳಲ್ಲೋ. ನಾ ಇಲ್ಲೇ ಕುಂತು ರೊಟ್ಟಿ ತಿಂದೆ." ಮಾಬವ್ವ ಓಡಿಬಂದು ಅವಳನ್ನು ಅಪ್ಪಿಕೊಂಡು ತಾನೂ ಅತ್ತಳು. ಸಂತೋಷದ ಸುದ್ದಿಗೆ ಮನೆಮಂದಿಯೆಲ್ಲ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ನಿಜಾಮರ ರಾಜ್ಯ ಹೋಗುವ ಕಾಲದ ಗಲಾಟೆ ಶುರುವಾಯಿತು. ಮೋಟಾರುಗಳು ನಿಂತವು, ಗಡಿ ದಾಟಲು ಜನ ಅಂಜಿದರು. ದಾರಿ ತೆರೆದು ನೀಲತ್ತೆ ಮಗುವನ್ನೆತ್ತಿಕೊಂಡು ಬರುವಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಕೊನೆಯ ದಿನಗಳಲ್ಲೂ ಒಂದೇ ಮಾತು: "ಅಕಿ ಕರದಾಗ ನಾ ಹೋಗಲಿಲ್ಲ."

ನಾನು ಆ ಸೀಮೆ ಕಂಡದ್ದು ನನಗೇ ಮೊಮ್ಮಕ್ಕಳಾದ ಮೇಲೆ. ಮಸ್ಕಿಯಿಂದ ಬೆಳಿಗ್ಗೆ ಕಾರು ಹತ್ತಿ ರಾತ್ರಿ ಊಟಕ್ಕೆ ಅಲ್ಲಿದ್ದೆವು. ಹಣ್ಣುಹಣ್ಣಾದ ನೀಲತ್ತೆ ಮರುದಿನ ತಾನೇ ನನ್ನನ್ನು ದೋಣಿಯಲ್ಲಿ ಕೂಡಿಸಿಕೊಂಡು ಹೊರಟಳು. ಅಡವಿ ಎರಡೂ ಕಡೆ ನೀರಿಗೆ ಬಾಗಿತ್ತು. ಕೆಸರಿನ ತುಂಬ ಬೆರಳುದ್ದದ ಬೇರುಗಳು ಎದ್ದು ನಿಂತಿದ್ದವು. ಅಜ್ಜಿಗೆ ಇದನ್ನು ನೋಡುವ ಭಾಗ್ಯ ಬರಲಿಲ್ಲ ಎಂದೆ. ಒಬ್ಬಳೇ ಹಡೆದ ಆ ದಿನ ಎಷ್ಟು ಅಂಜಿದ್ದೆಯೋ ಎಂದೂ ಕೇಳಿದೆ.

"ಇಲ್ಲವ್ವ, ಅಂಜಲಿಲ್ಲ," ಎಂದಳು ಅತ್ತೆ. "ಶೆಟ್ಟರು, 'ನಿಮ್ಮವ್ವ ಮಸ್ಕಿ ಬಿಟ್ಟಾಳ, ಹೊಂಟಾಳ' ಅಂತ ನನಗ ಹೇಳಿ ಕಳಿಸಿದ್ರು. ಬ್ಯಾನಿ ಬಂದಾಗ ಅವ್ವ ದಾರ್ಯಾಗ ಅದಾಳ, ಇನ್ನೇನ ಬಂದಳು ಅಂತ ಬಾಗಲದ ಕಡೆ ನೋಡಿಕೋತನ ಹಡದೆ."

ಎಷ್ಟೋ ವರ್ಷ ಅವಳ ಹೊಟ್ಟೆಯಲ್ಲೇ ಇದ್ದ ಮಾತು. ಈಗ ದಾರಿ ಇಷ್ಟು ಹತ್ತಿರವಾಗಿದೆ, ಒಂದೇ ದಿನದಲ್ಲಿ ಈ ಮಾತನ್ನು ಮಸ್ಕಿಗೆ ಒಯ್ಯಬಹುದು. ಒಯ್ದು ಯಾರಿಗೆ ಹೇಳಲಿ?