ಆಷಾಢದಲ್ಲಿ ತಂದ ಎಂಜಿನ್

1954ರ ಜೂನ್ ಕೊನೆಯ ವಾರದಲ್ಲಿ, ಶನಿವಾರಸಂತೆಯಿಂದ ಕೊಡ್ಲಿಪೇಟೆಗೆ ಬರುವ ದಾರಿಯಲ್ಲಿ, ನನ್ನ ಅಣ್ಣನ ಬಾಡಿಗೆ ಕಾರಿನ ಎಂಜಿನ್ ಬ್ಲಾಕ್, ಅಂದರೆ ಎಂಜಿನ್ನಿನ ಕಬ್ಬಿಣದ ಮೈ, ಸೀಳಿತು. ಏರಿನಲ್ಲಿ ರೇಡಿಯೇಟರಿನ ನೀರು ಬತ್ತಿತ್ತು. ಬಾನೆಟ್ಟಿನಿಂದ ಎದ್ದ ಹಬೆ ಮಳೆಯಲ್ಲಿ ಅವನಿಗೆ ಕಾಣಲಿಲ್ಲ. ಕಾರು ನಿಂತ ಮೇಲೆ ಇಳಿದು ಪಕ್ಕದ ತೋಡಿನಿಂದ ತಣ್ಣೀರು ತಂದು ಸುರಿದ. ಕಾದ ಕಬ್ಬಿಣದೊಳಗೆ ಟಕ್ಕೆಂದು ಸದ್ದಾಯಿತು. ಆಮೇಲೆ ಎಷ್ಟು ಹ್ಯಾಂಡಲ್ ತಿರುಗಿಸಿದರೂ ಕಾರು ಚಾಲೂ ಆಗಲಿಲ್ಲ.

ಮುಂದಿನ ಸೀಟಿನಲ್ಲಿ ನಾನಿದ್ದೆ. ಹಿಂದೆ ಇಬ್ಬರು ಕಾಫಿ ವ್ಯಾಪಾರಿಗಳು, ಕೋಳಿ ಹಿಡಿದುಕೊಂಡಿದ್ದ ಒಬ್ಬ ಹೆಂಗಸು, ಆಕೆಯ ಗಂಡ. ವ್ಯಾಪಾರಿಗಳಲ್ಲಿ ಒಬ್ಬ ಕೊಡೆ ಬಿಚ್ಚುತ್ತಾ, "ಅರ್ಧ ದಾರಿಗೆ ಅರ್ಧ ಬಾಡಿಗೆ ಕಣಪ್ಪ" ಎಂದ.

"ಹತ್ತಿಸ್ಕಳವಾಗ ಕೋಳಿಗೂ ಸೇರಿಸಿ ಕೇಳ್ದಲ್ಲ, ಈಗ ಕೋಳಿಗೂ ಅರ್ಧನೇ ತಕ" ಎಂದಳು ಹೆಂಗಸು.

ಅಣ್ಣ ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಅವರೆಲ್ಲ ನಡೆದು ಹೋದರು. ಎತ್ತು ಕಟ್ಟಿ ಕಾರನ್ನು ಊರಿಗೆ ಎಳೆತಂದಾಗ ಸಂಜೆಯಾಗಿತ್ತು.

ಆ ಕಾಲದಲ್ಲಿ ಕೊಡ್ಲಿಪೇಟೆಯ ಬಸ್ ನಿಲ್ದಾಣದ ಎದುರು ನಿಲ್ಲುತ್ತಿದ್ದ ಬಾಡಿಗೆ ಕಾರು ಅದೊಂದೇ. ಯುದ್ಧದ ಸಮಯದಲ್ಲಿ ಅಣ್ಣ ಸೇನೆಯ ಲಾರಿ ಓಡಿಸಿದ್ದ. ಹಿಂದಿರುಗಿದ ಮೇಲೆ ಮೂರು ವರ್ಷ ಒಂದು ತೋಟದಲ್ಲಿ ಡ್ರೈವರಾಗಿದ್ದ. ಅಲ್ಲಿ ಲಾರಿ ಓಡಿಸುವುದರ ಜೊತೆಗೆ ಧಣಿಗಳ ಮನೆಯ ನಾಯಿಗೆ ಸ್ನಾನ ಮಾಡಿಸುವುದೂ, ಅತಿಥಿಗಳು ಬಂದಾಗ ಅವರ ಬೂಟಿನ ಕೆಸರು ತೆಗೆಯುವುದೂ ಅವನ ಪಾಲಿಗಿದ್ದವು. ಕೈಗೆ ಸೇರಿದ್ದನ್ನೆಲ್ಲ ಕೂಡಿಸಿ ಈ ಹಳೆಯ ಅಮೆರಿಕನ್ ಕಾರನ್ನು ಕೊಂಡ ದಿನ, ಇನ್ನು ಮೇಲೆ ಬೇರೆಯವರ ಸ್ಟೇರಿಂಗ್ ಮುಟ್ಟುವುದಿಲ್ಲ ಎಂದು ಅವ್ವನ ಎದುರು ಹೇಳಿದ್ದ. ಆ ಮಾತನ್ನು ಊರಿನಲ್ಲಿ ಬಹಳ ಜನರ ಎದುರೂ ಹೇಳಿಕೊಂಡಿದ್ದ.

ಬಾಡಿಗೆಗೆ ಓಡಿಸುವ ಪರ್ಮಿಟ್ ಆ ಕಾರಿಗೆ, ಅದರ ನಂಬರಿಗೆ ಕೊಟ್ಟದ್ದು. ಕಾರು ಕೆಟ್ಟಿರುವುದನ್ನು ತಿಳಿಸಲು ಮಡಿಕೇರಿಯ ಕಚೇರಿಗೆ ಹೋದಾಗ, ಆಗಸ್ಟ್ ಮುಗಿಯುವುದರೊಳಗೆ ಕಾರನ್ನು ಓಡಿಸಿಕೊಂಡು ಬಂದು ತೋರಿಸಬೇಕು, ಇಲ್ಲವಾದರೆ ಅದೇ ನಿಲ್ದಾಣಕ್ಕೆ ಅರ್ಜಿ ಹಾಕಿರುವ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದರು. ಅಣ್ಣನ ಜೊತೆ ನಾನೂ ಹೋಗಿದ್ದೆ. ನಾನು ಆಗ ಮೈಸೂರಿನ ಒಂದು ದಿನಪತ್ರಿಕೆಗೆ ಕೊಡ್ಲಿಪೇಟೆಯಿಂದ ಸುದ್ದಿ ಕಳಿಸುತ್ತಿದ್ದೆ. ಕಚೇರಿಗಳಲ್ಲಿ ಮಾತಾಡುವ ಅಭ್ಯಾಸವಿತ್ತು. ಆ ಅಭ್ಯಾಸದಿಂದ ಒಂದು ದಿನವೂ ಹೆಚ್ಚಿಗೆ ಸಿಗಲಿಲ್ಲ.

ಸೋಮವಾರಪೇಟೆಯಿಂದ ಮೆಕ್ಯಾನಿಕ್ ಬಂದರು. ಕಣ್ಣೂರಿನ ಕಡೆಯ ಮಲಯಾಳಿ ಮುಸ್ಲಿಮರು, ಐವತ್ತು ದಾಟಿದವರು. ಎಲ್ಲರೂ ಕಾಕಾ ಎನ್ನುತ್ತಿದ್ದರು. ಎಂಜಿನ್ನಿನ ಎಣ್ಣೆಯನ್ನು ಕಡ್ಡಿಯಲ್ಲಿ ಎತ್ತಿ ತೋರಿಸಿದರು. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

"ನೀರು ಒಳಗೆ ಹೋಗಿದೆ. ಬ್ಲಾಕ್ ಪೊಟ್ಟಿ ಹೋಯ್ತು ಮೋನೇ, ಒಡೆದು ಹೋಯ್ತು. ಮೈಸೂರಲ್ಲಿ ಬೆಸುಗೆ ಹಾಕಿ ಕೊಡ್ತಾರೆ. ಆದ್ರೆ ನಮ್ಮ ಏರಿಗೆ ಅದು ನಿಲ್ಲಲ್ಲ. ಒಂದು ತಿಂಗಳು, ಎರಡು ತಿಂಗಳು, ಮತ್ತೆ ಪೊಟ್ತದೆ."

ಮುಂದಿನ ಹದಿನೈದು ದಿನ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇದೇ ಚರ್ಚೆ. ಹಳೆಯದನ್ನೇ ರಿಪೇರಿ ಮಾಡಿಸಬೇಕು ಎನ್ನುವವರು ಒಂದು ಬೆಂಚು, ಮಾರಿ ಇನ್ನೊಂದು ಅಗ್ಗದ ಹಳೇ ಕಾರು ತರಬೇಕು ಎನ್ನುವವರು ಇನ್ನೊಂದು ಬೆಂಚು. ಬಸ್ಸಿನ ಏಜೆಂಟ್ ಎರಡೂ ಬೆಂಚಿನವರಿಗೆ ಕೇಳಿಸುವಂತೆ, "ನಿನ್ ಕಾರಿಗಿಂತ ನಮ್ ಬಸ್ಸಿನ ಸ್ಟೆಪ್ನಿ ಜೋರಾಗಿ ಓಡ್ತದೆ, ಅದ್ನೇ ಬಾಡಿಗೆಗೆ ಬುಡ್ತೀನಿ, ತಕಳ್ತೀಯಾ?" ಎಂದು ಕೂಗುತ್ತಿದ್ದ.

"ನಿಮ್ ಬಸ್ಸು ಸೆಡ್ಡಲ್ಲಿ ಮಲಗ್ದಾಗ ಜನ ನನ್ ಕಾರಿಗೇ ಹತ್ತೋದು, ನೆಪ್ಪೈತಾ?" ಎಂದು ಅಣ್ಣ ಹೇಳುತ್ತಿದ್ದ. ಮೊದಮೊದಲು ನಗುತ್ತಾ ಹೇಳುತ್ತಿದ್ದ.

ನಮ್ಮಲ್ಲಿ ಎರಡರಲ್ಲಿ ಒಂದನ್ನು ಮಾಡುವಷ್ಟು ದುಡ್ಡಿತ್ತು. ಎರಡನ್ನೂ ಮಾಡುವಷ್ಟು ಇರಲಿಲ್ಲ. ಬೇರೆ ಕಾರು ತಂದರೆ ಪರ್ಮಿಟ್ಟಿಗೆ ಹೊಸದಾಗಿ ಅರ್ಜಿ ಹಾಕಿ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಹಳೆಯದಕ್ಕೆ ಬೆಸುಗೆ ಹಾಕಿಸಿದರೆ ಮಳೆ ಮುಗಿಯುವ ಮೊದಲೇ ಅದು ಬಿಡುತ್ತದೆ. ಅಣ್ಣ ಎರಡೂ ಬೆಂಚುಗಳ ಮಾತು ಕೇಳಿ ಕಾಫಿ ಕುಡಿದು ಮನೆಗೆ ಬರುತ್ತಿದ್ದ.

ಮೂರನೆಯ ದಾರಿಯನ್ನು ಹುಡುಕಿದವರು ಕಾಕಾ. ಸೋಮವಾರಪೇಟೆಯ ಆಚೆ ಬೇರೊಂದು ತೋಟದಲ್ಲಿ ಅದೇ ಕಂಪನಿಯ, ಅದೇ ಮಾದರಿಯ ಕಾರು ಶೆಡ್ಡಿನಲ್ಲಿ ನಿಂತಿತ್ತು. ಅಲ್ಲಿಯ ಧಣಿಗಳು ಜೀಪು ಕೊಂಡ ಮೇಲೆ ಅದನ್ನು ಹೊರಗೆ ತೆಗೆದಿರಲಿಲ್ಲ. ಅದರ ಎಂಜಿನ್ನನ್ನು ಅಣ್ಣನ ಕಾರಿಗೆ ಕೂರಿಸಿದರೆ ನಂಬರೂ ಉಳಿಯುತ್ತದೆ, ಪರ್ಮಿಟ್ಟೂ ಉಳಿಯುತ್ತದೆ.

"ಎರಡು ಮಳೆಗಾಲ ನಿಂತೇ ಇದೆ" ಎಂದು ಅಣ್ಣ ಅನುಮಾನಿಸಿದ.

"ಅದೇ ಒಳ್ಳೇದು. ನಿಂತ ಎಂಜಿನ್ ತೇಯಲ್ಲ. ಓಡಿದ್ದು ತೇಯ್ತದೆ" ಎಂದರು ಕಾಕಾ.

ಸಕಲೇಶಪುರದ ಒಬ್ಬರು ಅದನ್ನು ಕೇಳಿಕೊಂಡು ಹೋಗಿದ್ದರು. ತಿಂಗಳ ಕೊನೆಗೆ ದುಡ್ಡು ತರುವುದಾಗಿ ಹೇಳಿದ್ದರು. ತಡಮಾಡುವಂತಿರಲಿಲ್ಲ. ಆದರೆ ಆಗ ಆಷಾಢ ನಡೆದಿತ್ತು.

ನಮ್ಮ ಮನೆಯಲ್ಲಿ ಆಷಾಢದಲ್ಲಿ ಹೊಸದೊಂದು ಸೂಜಿಯನ್ನೂ ತರುತ್ತಿರಲಿಲ್ಲ. ಅಪ್ಪ ಒಂದು ಆಷಾಢದಲ್ಲಿ ಹೊಸ ಗಾಡಿ ತಂದಿದ್ದರು. ಆ ಗಾಡಿ ಮಗುಚಿಯೇ ತೀರಿಕೊಂಡರು. ಅದರ ಮೇಲೆ ಅವ್ವನೊಡನೆ ವಾದ ಮಾಡುವುದು ನಮ್ಮಿಬ್ಬರಿಗೂ ಸಾಧ್ಯವಿರಲಿಲ್ಲ.

"ಶ್ರಾವಣ ಬರ್ಲಿ" ಎಂದಳು ಅವ್ವ.

"ಶ್ರಾವಣ ಬರೋ ಹೊತ್ಗೆ ಕಾರು ಸಕಲೇಶಪುರಕ್ಕೆ ಹೋಗಿರ್ತದೆ ಕಣವ್ವ."

"ಹೋಗ್ಲಿ ಬುಡು. ನೀನು ಉಳ್ಕಂಡ್ರೆ ಸಾಕು."

"ನಾವು ಕಾರು ತತ್ತಿಲ್ಲವ್ವ. ಬರೀ ಎಂಜಿನ್ನು. ಇರೋ ಕಾರಿಗೆ ಹಾಕಕ್ಕೆ. ನೇಗಿಲು ಹಳೇದೇ, ಗುಳ ಬದಲಾಯಿಸ್ದಂಗೆ."

ಅವ್ವ ಎದ್ದು ಒಳಗೆ ಹೋದಳು. ಮಾರನೆಯ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಇದ್ದಕ್ಕಿದ್ದಂತೆ ಹೇಳಿದಳು: "ಅಲ್ಲಿ ಅದನ್ನ ಚಾಲೂ ಮಾಡ್ಬಾರ್ದು. ಚಾಲೂ ಮಾಡಿದ್ರೆ ಕಾರು. ಮಾಡ್ದಿದ್ರೆ ಕಬ್ಬಿಣ. ಉಸಿರು ಆಡೋದನ್ನ ಆಷಾಢದಲ್ಲಿ ನನ್ ಅಂಗಳಕ್ಕೆ ತರ್ಬ್ಯಾಡ. ಕಬ್ಬಿಣ ಆದ್ರೆ, ಶನಿವಾರ ಒಂದು ಬುಟ್ಟು ಯಾವತ್ತಾದ್ರೂ ತಕಬಾ."

ಅಣ್ಣ ಆಗಲಿ ಎಂದ. ಹೊರಗೆ ಬಂದ ಮೇಲೆ, "ಅವ್ವ ವಕೀಲಿ ಓದ್ಬೇಕಿತ್ತು" ಎಂದು ನಕ್ಕ. ಅವನು ನಕ್ಕಿದ್ದನ್ನು ಬಹಳ ದಿನಗಳ ನಂತರ ನೋಡಿದೆ.

ಜುಲೈ ಮಧ್ಯದ ಒಂದು ಬುಧವಾರ ಎತ್ತಿನ ಗಾಡಿ, ಮರದ ಕಂಬಗಳು, ಚೈನ್ ಪುಲ್ಲಿ ಹೊಂದಿಸಿಕೊಂಡು ನಾವು ಆ ತೋಟಕ್ಕೆ ಹೋದೆವು. ಧಣಿಗಳು ಅರವತ್ತರ ಆಸುಪಾಸಿನ ಕೊಡವರು. ಗಂಬಳಿ ಹೊದ್ದು ವರಾಂಡದಲ್ಲಿ ಕುಳಿತಿದ್ದರು. ಎಂಜಿನ್ ಮಾತ್ರ ಸಾಕು ಎಂದು ಅಣ್ಣ ಹೇಳಿದಾಗ ಅವರಿಗೆ ಅರ್ಥವಾಗಲಿಲ್ಲ.

"ಎಂಜಿನ್ ತೆಗೆದ ಕಾರು ಇಟ್ಟುಕೊಂಡು ನಾನು ಎಂತ ಮಾಡುವುದು ಮಾರಾಯ? ಕೋಳಿ ಸಾಕುವುದಾ? ತಗೊಳ್ಳುವುದಾದ್ರೆ ಪೂರ್ತಿ ತಗೊ."

ಪೂರ್ತಿ ಕಾರಿನ ಬೆಲೆ ಕೊಟ್ಟು, ಎಂಜಿನ್ ಮಾತ್ರ ಈಗ ಒಯ್ಯುವುದು, ಉಳಿದದ್ದನ್ನು ಶ್ರಾವಣದಲ್ಲಿ ತೆಗೆದುಕೊಂಡು ಹೋಗುವುದು ಎಂದಾಯಿತು. ಅವರು ಶೆಡ್ಡಿನ ಬಾಗಿಲು ತೆಗೆಸಿ, ಗೋಡೆಗೆ ತೂಗುಹಾಕಿದ್ದ ಹ್ಯಾಂಡಲನ್ನು ಅಣ್ಣನ ಕೈಗೆ ಕೊಟ್ಟರು.

"ನಾನು ಅದನ್ನು ಎರಡು ವರ್ಷದಿಂದ ಮುಟ್ಟಲಿಲ್ಲ. ಹೇಗೆ ಉಂಟೋ ದೇವರಿಗೇ ಗೊತ್ತು. ತಿರುಗಿಸಿ ನೋಡು."

"ಬ್ಯಾಡಿ ಸಾಮಿ."

"ನೋಡದೆ ತಗೊಳ್ತೀಯಾ?"

"ನಮ್ಮನೇಲಿ ಒಂದು ಮಾತಾಗೈತೆ ಸಾಮಿ. ಆಷಾಢ."

ಧಣಿಗಳು ಅವನ ಕೈಯಿಂದ ಹ್ಯಾಂಡಲ್ ತೆಗೆದುಕೊಂಡು ಮತ್ತೆ ಗೋಡೆಗೆ ತೂಗುಹಾಕಿದರು. "ನಿಮ್ಮ ಆಷಾಢದ ಹಾಗೆ ನಮ್ಮಲ್ಲಿಯೂ ಕಕ್ಕಡ ತಿಂಗಳಲ್ಲಿ ಒಳ್ಳೆಯ ಕೆಲಸ ಮಾಡುವುದಿಲ್ಲ. ಅದು ಶುರುವಾಗುವ ಮೊದಲು ಅಂತಲೇ ಇವತ್ತು ಮಾರ್ತಾ ಇದ್ದೇನೆ" ಎಂದು ಹೇಳಿ ಒಳಗೆ ಹೋದರು.

ಕಂಬ ನಿಲ್ಲಿಸಿ ಬೋಲ್ಟುಗಳನ್ನು ಬಿಚ್ಚುವಾಗ ಕಾಕಾ ಮೆಲ್ಲಗೆ ಫ್ಯಾನಿನ ರೆಕ್ಕೆಗೆ ಕೈಹಾಕಿದರು. ಅದನ್ನು ಕೈಯಲ್ಲಿ ತಿರುಗಿಸಿದರೂ ಒಳಗಿನದು ಅಲುಗುತ್ತದೆಯೋ ಇಲ್ಲವೋ ತಿಳಿಯುತ್ತಿತ್ತು.

"ಮುಟ್ಬ್ಯಾಡಿ ಕಾಕಾ" ಎಂದ ಅಣ್ಣ.

"ಚಾಲೂ ಮಾಡಲ್ಲ. ಸ್ವಲ್ಪ ತಿರುಗಿಸಿ ನೋಡ್ತೇನೆ, ಅಷ್ಟೇ. ನಿನ್ನ ಉಮ್ಮ ಇಲ್ಲಿ ಇಲ್ಲಲ್ಲಾ?"

"ನಾನಿದ್ದೀನಲ್ಲ."

ಕಾಕಾ ಕೈ ತೆಗೆದರು. ನಾನು ಪುಲ್ಲಿಯ ಸರಪಳಿ ಹಿಡಿದು ನಿಂತಿದ್ದೆ. ಎಂಜಿನ್ ಮೇಲೆದ್ದು, ತೂಗಾಡಿ, ಗಾಡಿಯಲ್ಲಿ ಹಾಸಿದ್ದ ಹುಲ್ಲಿನ ಮೇಲೆ ಕುಳಿತಿತು. ಮೇಲೆ ಮಳೆಗೆ ಹೊದೆಯುವ ಎಲೆಯ ಗೊರಬು ಮುಚ್ಚಿದೆವು. ಬರುವಾಗ ದಾರಿಯುದ್ದಕ್ಕೂ ಮಳೆ. ಮನೆಯಲ್ಲಿ ಅವ್ವ ಅದಕ್ಕೆ ಆರತಿ ಎತ್ತಲಿಲ್ಲ, ಕುಂಕುಮ ಇಡಲಿಲ್ಲ. ಕೊಟ್ಟಿಗೆಯ ಮೂಲೆಗೆ ಇಳಿಸಲು ಜಾಗ ತೋರಿಸಿದಳು.

ಎರಡು ದಿನ ಬಿಟ್ಟು ಕಾಕಾ ಅದರ ಮೇಲಿನ ಮುಚ್ಚಳ, ಹೆಡ್, ಬಿಚ್ಚಿದರು. ಆರು ಸಿಲಿಂಡರುಗಳಲ್ಲಿ ಮೂರು ತುಕ್ಕು ಹಿಡಿದು, ಪಿಸ್ಟನ್ನುಗಳು ಗೋಡೆಗೆ ಕಚ್ಚಿಕೊಂಡಿದ್ದವು. ಶೆಡ್ಡಿನ ತೇವ ಹೇಗೋ ಒಳಗೆ ಇಳಿದಿತ್ತು. ಹ್ಯಾಂಡಲ್ ಹಾಕಿ ತಿರುಗಿಸಿದ್ದರೆ ಅದು ಅಲುಗುತ್ತಿರಲಿಲ್ಲ. ಫ್ಯಾನು ತಿರುಗಿಸಿದ್ದರೂ ಗೊತ್ತಾಗುತ್ತಿತ್ತು. ಕಾಕಾ ಬೀಡಿ ಹಚ್ಚಿ ಹೊರಗೆ ಹೋಗಿ ನಿಂತರು.

"ನಿಂತ ಎಂಜಿನ್ ತೇಯಲ್ಲ ಅಂದ್ರಲ್ಲ ಕಾಕಾ" ಎಂದ ಅಣ್ಣ.

"ತೇದಿಲ್ಲ" ಎಂದರು ಕಾಕಾ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಸೀಮೆಎಣ್ಣೆ ಸುರಿದು ನೆನೆಹಾಕಿದೆವು. ಹರಳೆಣ್ಣೆ ಬೆರೆಸಿ ನೋಡಿದೆವು. ಅಣ್ಣ ದಿನವೂ ಬೆಳಿಗ್ಗೆ ಹಲಸಿನ ಮರದ ತುಂಡಿಟ್ಟು ಮೆಲ್ಲಗೆ ಬಡಿಯುತ್ತಿದ್ದ. ಆಷಾಢ ಕಳೆದು ಶ್ರಾವಣ ಬಂದಾಗ ಎರಡು ಬಿಟ್ಟವು. ಮೂರನೆಯದು ಒಡೆದು ಬಂತು. ಒಳಗಿನ ಗೋಡೆ ಹುಳು ತಿಂದ ಮರದಂತೆ ಗುಳಿ ಬಿದ್ದಿತ್ತು. ಅದನ್ನು ಕೊರೆಸಿ ನುಣುಪು ಮಾಡಿಸಲು ಮೈಸೂರಿಗೇ ಹೋಗಬೇಕು. ಬಸ್ಸಿನ ಮೇಲೆ ಹಾಕಿಸುವಾಗ ಏಜೆಂಟ್, "ಇದೇನಪ್ಪ, ಹೆಣ ಹೊತ್ತಂಗೈತೆ" ಎಂದ. ಅಣ್ಣ ಹಗ್ಗದ ಒಂದು ತುದಿ ಎಳೆದ. ಏಜೆಂಟನೇ ಹಗ್ಗದ ಇನ್ನೊಂದು ತುದಿ ಹಿಡಿದು ಬಿಗಿದು ಕಟ್ಟಿದ. ಲಗೇಜಿಗೆ ಚೀಟಿ ಹರಿಯಲಿಲ್ಲ.

ಮೈಸೂರಿನ ವರ್ಕ್‌ಶಾಪಿನಲ್ಲಿ ಅಳತೆ ನೋಡಿದವರು, ಈ ಬ್ಲಾಕನ್ನು ಹಿಂದೆಯೇ ಕೊನೆಯ ಅಳತೆಯವರೆಗೆ ಕೊರೆಸಿದ್ದಾರೆ, ಇನ್ನು ಕೊರೆದರೆ ಗೋಡೆ ತೂತಾಗುತ್ತದೆ ಎಂದರು. ಒಳಗೆ ಹೊಸ ಕೊಳವೆಗಳನ್ನು ಕೂರಿಸಬಹುದು. ಅವು ಮದರಾಸಿನಿಂದ ಬರಬೇಕು. ಸೆಪ್ಟೆಂಬರ್ ಕೊನೆಗೆ ಬರಬಹುದು, ಬರದೆಯೂ ಇರಬಹುದು. ಅದಕ್ಕೆ ಬೇಕಾದ ದುಡ್ಡು ಆ ಹೊತ್ತಿಗೆ ಉಳಿದಿರಲಿಲ್ಲ. ಸೀಳಿದ ಹಳೆಯ ಬ್ಲಾಕಿಗೆ ಬೆಸುಗೆ ಹಾಕಿಸುವಷ್ಟೂ ಉಳಿದಿರಲಿಲ್ಲ.

ಆಗಸ್ಟ್ ಕೊನೆಯಲ್ಲಿ ನಾವಿಬ್ಬರೂ ಮತ್ತೆ ಮಡಿಕೇರಿಗೆ ಹೋದೆವು. ಅಧಿಕಾರಿ ಸಭ್ಯರು. ಕುಳಿತುಕೊಳ್ಳಲು ಹೇಳಿದರು.

"ಕಾರು ತಂದಿದ್ದೀರಾ?" ಎಂದು ಕೇಳಿದರು.

"ಬಸ್ಸಿಗೆ ಬಂದ್ವಿ" ಎಂದ ಅಣ್ಣ.

ಅವರು ಫೈಲು ಮುಚ್ಚಿ ಪಕ್ಕಕ್ಕಿಟ್ಟರು.

ಮನೆಗೆ ಬಂದ ಮೇಲೆ ಅವ್ವ, "ಶ್ರಾವಣದಲ್ಲಿ ತಂದಿದ್ರೆ ಹಿಂಗೆ ಆಯ್ತಿರ್ಲಿಲ್ಲ" ಎಂದಳು. ಹ್ಯಾಂಡಲಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ತಿರುಗಿಸಿ ನೋಡಿದ್ದರೆ ಕೊಳ್ಳದೆ ಬರುತ್ತಿದ್ದೆವು ಎಂಬುದನ್ನು ಅಣ್ಣ ಹೇಳಬಹುದಿತ್ತು. ಅವನು, "ಹೂಂ ಕಣವ್ವ" ಎಂದು ಊಟಕ್ಕೆ ಕುಳಿತ. ನಾನೂ ಹೇಳಲಿಲ್ಲ. ಕೊಳ್ಳದೆ ಬಂದಿದ್ದರೂ ಪರ್ಮಿಟ್ ಉಳಿಯುತ್ತಿತ್ತೆಂದು ಹೇಳಲು ನನ್ನ ಬಳಿ ಆಧಾರವಿಲ್ಲ.

ಸೆಪ್ಟೆಂಬರ್‌ನಲ್ಲಿ ಪರ್ಮಿಟ್ ಶನಿವಾರಸಂತೆಯ ಒಬ್ಬ ಅಂಗಡಿ ಸಾಹುಕಾರರಿಗೆ ಹೋಯಿತು. ಅವರು ಮೈಸೂರಿನಿಂದ ಒಂದು ಹಳೇ ಕಾರು ತಂದರು. ಅದು ನಮ್ಮದಕ್ಕಿಂತ ಚಿಕ್ಕದು, ಬಣ್ಣ ಚೆನ್ನಾಗಿತ್ತು. ಅವರಿಗೆ ಓಡಿಸಲು ಬರುತ್ತಿರಲಿಲ್ಲ. ಅಣ್ಣನನ್ನು ಕರೆದರು. ಅವನು ಮೊದಲ ಸಲ ಇಲ್ಲ ಎಂದ. ಎರಡನೆಯ ಸಲ ಕೇಳಲು ಅವರೇ ಮನೆಗೆ ಬಂದರು. ಅತ್ತಿಗೆ ಕಾಫಿ ಕೊಟ್ಟಳು. ಅಂದೂ ಇಲ್ಲ ಎಂದ. ದೀಪಾವಳಿ ಕಳೆದ ವಾರ ತಾನೇ ಶನಿವಾರಸಂತೆಗೆ ನಡೆದು ಹೋಗಿ ಕೀಲಿ ತೆಗೆದುಕೊಂಡು ಬಂದ.

ಕಾರು ಅದೇ ನಿಲ್ದಾಣದ ಎದುರು, ಅದೇ ಜಾಗದಲ್ಲಿ ನಿಂತಿತು. ಮೊದಲ ದಿನ ಹೋಟೆಲಿನ ಬೆಂಚಿನಿಂದ ಯಾರೋ ಕೇಳಿದರು: "ಏನ್ಲಾ, ಹೊಸ ಕಾರಾ?"

"ಕಾರು ಹಳೇದೇ ಕಣಣ್ಣ. ಯಜಮಾನ್ರು ಹೊಸಬ್ರು" ಎಂದ ಅಣ್ಣ.

ಸೀಳಿದ ಬ್ಲಾಕು, ಗುಳಿ ಬಿದ್ದ ಬ್ಲಾಕು, ನಮ್ಮ ಕಾರಿನ ಮೈ, ಎಲ್ಲವನ್ನೂ ಮರುವರ್ಷ ತೂಕದ ಲೆಕ್ಕದಲ್ಲಿ ಹಾಸನದ ಗುಜರಿಯವರಿಗೆ ಕೊಟ್ಟೆವು. ತೋಟದ ಶೆಡ್ಡಿನಲ್ಲಿದ್ದ ಉಳಿದರ್ಧ ಕಾರನ್ನು ಒಯ್ಯುವಂತೆ ಧಣಿಗಳು ಎರಡು ಸಲ ಹೇಳಿ ಕಳಿಸಿದರು. ಅಣ್ಣ ಹೋಗಲಿಲ್ಲ.

ಸಾಹುಕಾರರ ಕಾರನ್ನು ಅವನು ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ ಓಡಿಸಿದ. ಬಾಡಿಗೆ ಇಲ್ಲದ ದಿನ ಅಂಗಡಿಗೆ ಹೋಗಿ ಮೂಟೆ ಇಳಿಸಬೇಕಿತ್ತು. ಭಾನುವಾರ ಸಾಹುಕಾರರ ಮನೆಯವರನ್ನು ನೆಂಟರ ಊರುಗಳಿಗೆ ಕರೆದೊಯ್ದು, ಅವರು ಊಟ ಮುಗಿಸುವವರೆಗೆ ಕಾರಿನಲ್ಲೇ ಕೂರಬೇಕಿತ್ತು. ಅದರ ಬಗ್ಗೆ ಅವನು ಮನೆಯಲ್ಲಿ ಮಾತಾಡಿದ್ದು ನನಗೆ ನೆನಪಿಲ್ಲ.

1956ರ ಅಕ್ಟೋಬರ್‌ನಲ್ಲಿ, ಕೊಡಗು ಮೈಸೂರು ರಾಜ್ಯಕ್ಕೆ ಸೇರುವ ಕೆಲವು ದಿನಗಳ ಮೊದಲು, ಸಾಹುಕಾರರು ಆ ಕಾರನ್ನು ಸೋಮವಾರಪೇಟೆಯ ಒಬ್ಬರಿಗೆ ಮಾರಿದರು. ಕೊಂಡವರು ತಮ್ಮ ಡ್ರೈವರನ್ನು ಜೊತೆಗೇ ಕರೆತಂದಿದ್ದರು. ಅಣ್ಣ ಅವನಿಗೆ ಕೀಲಿ ಕೊಟ್ಟ.