ಫೋಟೊಗೆ ಸಿಗದ ಮೀಸೆ

ಬೆಚ್ಚಗಿನ ಹರಳೆಣ್ಣೆಯ ವಾಸನೆ. ಹೋದ ವಾರ ಬಸವನಗುಡಿಯಲ್ಲಿ ಹಳೆಯ ಫೋಟೊಗಳ ಪ್ರದರ್ಶನ ನೋಡಲು ಹೋಗಿದ್ದೆ. ಹೊಸದಾಗಿ ಬಣ್ಣ ಬಳಿದ, ಎಸಿ ಹಾಕಿದ ಆ ಹಾಲ್‌ನಲ್ಲಿ ಹರಳೆಣ್ಣೆಯ ವಾಸನೆ ಎಲ್ಲಿಂದ ಬರಬೇಕು? ಆದರೂ ಬಂತು. ಗೋಡೆಯ ತುಂಬ ಮೀಸೆ ಗಡ್ಡಗಳೇ. ಹುರಿ ಮಾಡಿ ಕಿವಿಯ ಕಡೆ ತಿರುಗಿಸಿದ ಮೀಸೆಯ ಅಮಲ್ದಾರರು, ಮೇಲ್ದುಟಿಯನ್ನೇ ನುಂಗಿಹಾಕಿದ ಪೊದೆ ಮೀಸೆಯ ವಕೀಲರು, ಗಡ್ಡವನ್ನು ಎರಡು ಕವಲಾಗಿ ಬಾಚಿ ಎದೆಗೆ ಇಳಿಬಿಟ್ಟ ವರ್ತಕರು, ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ಕೆಳಗಿನ ಚೀಟಿಗಳಲ್ಲಿ ‘ಹೆಸರು ತಿಳಿದಿಲ್ಲ’ ಎಂದಷ್ಟೇ ಇತ್ತು. ಹೆಸರು ಹೋದರೂ ಮೀಸೆ ಉಳಿಯಿತಲ್ಲಪ್ಪಾ ಎಂದುಕೊಂಡೆ. ನಮ್ಮ ತಾತನದು ಇದಕ್ಕೆ ತದ್ವಿರುದ್ಧ. ಹೆಸರಿದೆ, ಫೋಟೊ ಇದೆ, ಮೀಸೆ ಮಾತ್ರ ಇಲ್ಲ.

ಚಾಮರಾಜಪೇಟೆಯ ನಮ್ಮ ಮನೆ ರೈಲುಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಜಗುಲಿ, ಆಮೇಲೆ ಹಜಾರ, ನಡುಮನೆ, ಅಡಿಗೆಮನೆ, ಹಿತ್ತಲಲ್ಲಿ ಕರಿಬೇವಿನ ಗಿಡ. ಬೆಳಿಗ್ಗೆ ಸ್ನಾನ ಮುಗಿಸಿ ತಾತ ಜಗುಲಿಯ ಮೇಲೆ ಕೂತರೆ ಅಜ್ಜಿ ಒಗ್ಗರಣೆ ಸೌಟಿನಲ್ಲಿ ಹರಳೆಣ್ಣೆ ಬೆಚ್ಚಗೆ ಮಾಡಿ ತರುತ್ತಿದ್ದಳು. ತಾತ ಬೆರಳ ತುದಿಯಲ್ಲಿ ಅದನ್ನು ಅದ್ದಿ, ಕನ್ನಡಿಯೂ ಇಲ್ಲದೆ, ಮೂಗಿನ ಕೆಳಗಿಂದ ಎರಡೂ ಕಡೆಗೆ ನಿಧಾನವಾಗಿ ನೀವಿಕೊಳ್ಳುತ್ತಿದ್ದರು. ಉಳಿದ ಎಣ್ಣೆ ನನ್ನ ಹುಬ್ಬಿಗೆ. ಕಿವಿಯಲ್ಲಿ ಗುಟ್ಟು ಹೇಳಲು ಬಗ್ಗಿದರೆ ಆ ಮೀಸೆ ಕಚಗುಳಿ ಇಡುತ್ತಿತ್ತು. ಎಣ್ಣೆಯ ಜೊತೆ ನಶ್ಯದ ಘಾಟೂ ಬಡಿದು ನಾನು ಸೀನಿ ಗುಟ್ಟು ಕೇಳಿಸುತ್ತಲೇ ಇರಲಿಲ್ಲ. ಸ್ಕೂಲಿನಲ್ಲಿ ಅವರು ‘ಮೀಸೆ ಮೇಷ್ಟ್ರು’. ಆ ಪೊದೆಯ ಹಿಂದೆ ನಗು ಇದೆಯೋ ಸಿಟ್ಟಿದೆಯೋ ಯಾರಿಗೂ ತಿಳಿಯುತ್ತಿರಲಿಲ್ಲ, ಹಾಗಾಗಿ ಹುಡುಗರು ಸಿಟ್ಟೇ ಇದೆ ಎಂದುಕೊಂಡು ತೆಪ್ಪಗಿರುತ್ತಿದ್ದರು. ನನ್ನ ಗೆಳತಿಯರಂತೂ ನಮ್ಮ ಜಗುಲಿ ಹತ್ತುತ್ತಿರಲಿಲ್ಲ.

ಫೋಟೊ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ತಾತ ನಂಬಿದ್ದರು. ಮಕ್ಕಳ ಮದುವೆಗಳಲ್ಲೂ ಕ್ಯಾಮೆರಾ ಕಂಡೊಡನೆ ಅಡಿಗೆಯವರನ್ನು ವಿಚಾರಿಸುವ ನೆಪದಲ್ಲಿ ಮಾಯವಾಗುತ್ತಿದ್ದರು. ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬಿದ್ದದ್ದು ಒಂದೇ ಸಲ, ರಿಟೈರಾದಾಗ, ಸ್ಕೂಲಿನ ಗ್ರೂಪ್ ಫೋಟೊದಲ್ಲಿ. ಅದೇ ಹೊತ್ತಿಗೆ ಅವರ ತಾಯಿ ತೀರಿಕೊಂಡಿದ್ದರು. ಕರ್ಮ ಮಾಡುವ ಮಗ ತಲೆಗೂದಲು, ಮೀಸೆ ಎರಡನ್ನೂ ತೆಗೆಸಬೇಕು, ತೆಗೆಸಿದ್ದರು. ಹೆಡ್‌ಮಾಸ್ಟರೇ ಮನೆಗೆ ಬಂದು, “ಫೋಟೊ ಸ್ವಲ್ಪ ಮುಂದಕ್ಕೆ ಹಾಕೋಣ್ವಾ ಸಾರ್? ಮೀಸೆ ಬಂದ್ಬಿಡ್ಲಿ” ಎಂದರು. ತಾತ, “ಹೆತ್ತ ತಾಯಿ ಹೋಗಿದಾಳೆ, ನಾನು ಮೀಸೆಗೆ ಕಾಯ್ತಾ ಕೂರ್ಲೇನ್ರೀ?” ಎಂದುಬಿಟ್ಟರು. ಆ ಫೋಟೊದಲ್ಲಿ ಹೆಡ್‌ಮಾಸ್ಟರದು ಚಿಟ್ಟೆ ಮೀಸೆ, ಉರ್ದು ಮೇಷ್ಟ್ರದು ನೀಟಾಗಿ ಬಾಚಿದ ಗಡ್ಡ, ಡ್ರಿಲ್ ಮೇಷ್ಟ್ರದು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಂಥದ್ದು. ನಡುವೆ ಹಾರ ಹಾಕಿಕೊಂಡು ತಾತ. ಬೋಳು ತಲೆಯನ್ನೇನೋ ಪೇಟ ಮುಚ್ಚಿತ್ತು. ಬರಿ ತುಟಿಯನ್ನು ಏನು ಹಾಕಿ ಮುಚ್ಚುವುದು?

ಮೀಸೆ ಮತ್ತೆ ಬೆಳೆಯಿತು, ಈ ಸಲ ಪೂರ್ತಿ ಬೆಳ್ಳಗೆ. ಕೆಲವು ವರ್ಷ ಅದಕ್ಕೂ ಹರಳೆಣ್ಣೆ ಸಂದಿತು. ಆಮೇಲೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ತಾತ ಏಳಲಿಲ್ಲ. ಅಜ್ಜಿಗೆ ಆಗ ಒಂದೇ ಹಂಬಲ. ವರ್ಷದ ತಿಥಿಯೊಳಗೆ ಗಂಡನ ಫೋಟೊ ಹಜಾರದ ಗೋಡೆಗೆ ಬರಬೇಕು, ಮೀಸೆ ಸಮೇತ ಬರಬೇಕು. “ದಿನಾ ಬೆಳಿಗ್ಗೆ ಎದ್ದು ನಾನು ಯಾರ ಮುಖ ನೋಡ್ಲಿ?” ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪ ಗ್ರೂಪ್ ಫೋಟೊ ತೆಗೆದುಕೊಂಡು ನಮ್ಮ ಬೀದಿಯ ತಿರುವಿನ ಸ್ಟುಡಿಯೊಗೆ ಹೋದರು. ಅಲ್ಲಿನ ರಾಘಣ್ಣ ಸಣ್ಣ ಕುಂಚ ಹಿಡಿದು ಫೋಟೊ ತಿದ್ದುವುದರಲ್ಲಿ ಪಳಗಿದವರು. ಮುಚ್ಚಿದ ಕಣ್ಣು ತೆರೆಸುವುದು, ಕಿತ್ತುಹೋದ ಕಿವಿ ಕೂಡಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ತಾತನೊಬ್ಬರನ್ನೇ ಬಿಡಿಸಿ ದೊಡ್ಡದು ಮಾಡಿ, “ಮೀಸೆ ಹೆಂಗಿತ್ತು, ಹೇಳಿ ಸ್ವಾಮಿ” ಎಂದರು.

ಅಯ್ಯೋ, ಅಲ್ಲಿ ಶುರುವಾಯಿತು ನೋಡಿ! ಅಪ್ಪನ ಪ್ರಕಾರ ಅದು ಎರಡೂ ತುದಿಗೆ ಚೂಪಾಗಿ ಮೇಲಕ್ಕೆದ್ದ ಮೀಸೆ. ರಾಘಣ್ಣ ಹಾಗೇ ಬರೆದು ಕೊಟ್ಟರು. ಅಜ್ಜಿ ದೀಪದ ಹತ್ತಿರ ಹಿಡಿದು ನೋಡಿ, “ಯಾರಪ್ಪಾ ಇದು, ನಾಟಕದ ಕಂಪನಿಯೋರ ಥರ?” ಎಂದಳು. ವೈಯಾಲಿಕಾವಲ್‌ನಿಂದ ಬಂದ ಅತ್ತೆ, “ಅಣ್ಣಂಗೇನು ಗೊತ್ತು? ಅಪ್ಪಂದು ದಪ್ಪ ಮೀಸೆ, ತುಟಿ ಮೇಲೆ ಇಳಿಬಿದ್ದಿತ್ತು” ಎಂದು ತಾನೇ ಸ್ಟುಡಿಯೊದಲ್ಲಿ ಕೂತು ಬರೆಸಿ ತಂದಳು. ಅದನ್ನು ಕಂಡದ್ದೇ ತಡ, ಮಣೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಸೆರಗು ಹೊದ್ದುಕೊಂಡು ದಡಕ್ಕನೆ ಎದ್ದು ನಿಂತುಬಿಟ್ಟಳು. ಎಲ್ಲರೂ ಗಾಬರಿಯಾದೆವು. ಅವಳಿಗೇ ಆಮೇಲೆ ನಾಚಿಕೆಯಾಗಿ, “ಥೂ, ಇವ್ರು ನಮ್ಮ ಮಾವನೋರು ಕಣೇ! ಮಾವನೋರಿಗೆ ಹೂ ಮುಡಿಸ್ಕೊಂಡು ಗಂಡ ಅನ್ಕೊಳ್ಲಾ?” ಎಂದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಅತ್ತಳು. ಸುಳ್ಳು ಯಾರೂ ಹೇಳಿರಲಿಲ್ಲ. ಅಪ್ಪನಿಗೆ ತಾನು ಹುಡುಗನಾಗಿದ್ದಾಗ ಹೆದರಿಸುತ್ತಿದ್ದ ಮೀಸೆ ನೆನಪಿತ್ತು, ಅತ್ತೆಗೆ ತನ್ನನ್ನು ಗಂಡನ ಮನೆಗೆ ಕಳಿಸುವಾಗ ಒದ್ದೆಯಾಗಿದ್ದ ಮೀಸೆ.

ಕೊನೆಗೆ ಅಜ್ಜಿಯೇ ಹೊರಟಳು, ನನ್ನ ಕೈ ಹಿಡಿದುಕೊಂಡು. ರಾಘಣ್ಣ ಸ್ಟೂಲು ಹಾಕಿ ಕೂರಿಸಿ, ಇನ್ನೂ ಏನೂ ಬರೆಯದ ಒಂದು ಪ್ರತಿಯನ್ನು ಅವಳ ಮುಂದಿಟ್ಟರು. “ಅಮ್ಮಾ, ನೀವು ಹೇಳ್ದಂಗೇ ಬರೀತೀನಿ. ನೀವಲ್ದೆ ಇನ್ಯಾರಿಗೆ ಗೊತ್ತಿರುತ್ತೆ?” ಅಜ್ಜಿ ಬಹಳ ಹೊತ್ತು ನೋಡಿದಳು. ಬೆರಳನ್ನು ಸಣ್ಣಗೆ ನಗುತ್ತಿದ್ದ ಆ ಬರಿ ತುಟಿಯ ಮೇಲೆ ಇಟ್ಟಳು. ಆಮೇಲೆ ಹೇಳತೊಡಗಿದಳು: “ಮೀಸೆ ತೆಗೆಸಿದ ಹೊಸದ್ರಲ್ಲಿ ಕಾಫಿ ಕುಡಿದು ಟವಲ್ ತುದಿಯಿಂದ ಮೀಸೆ ಒರೆಸ್ಕೊಳ್ಳಕ್ಕೆ ಹೋದ್ರು, ರೂಢಿ ಮೇಲೆ. ಅಲ್ಲೇನಿದೆ, ಮಣ್ಣು! ನಂಗೆ ನಗು ಬಂದ್ಬಿಡ್ತು, ಸೂತಕದ ಮನೇಲಿ. ಬೈತಾರೆ ಅಂತ ನೋಡಿದ್ರೆ ಅವ್ರೂ ನಗ್ತಿದಾರೆ, ಬಾಯ್ತುಂಬ. ಮದ್ವೆ ಆದಾಗಿಂದ ಅವ್ರು ನಗೋದನ್ನ ನಾನು ಕಂಡೇ ಇರ್ಲಿಲ್ಲ ರಾಘಣ್ಣ. ಅಷ್ಟು ವರ್ಷ ಆ ಮೀಸೆ ಅಡ್ಡ ಇತ್ತು.” ರಾಘಣ್ಣ ಕುಂಚ ಕೆಳಗಿಟ್ಟರು. “ಮೀಸೆ ಬೇಡ,” ಎಂದಳು ಅಜ್ಜಿ, “ಮೀಸೆ ಎಲ್ರೂ ನೋಡಿದಾರೆ. ನಂಗೆ ಈ ಮುಖ ಇರ್ಲಿ.”

ಹಾಗೆ ಬರಿ ತುಟಿಯ ತಾತ ಗೋಡೆಗೆ ಬಂದರು. ತಿಥಿಯ ದಿನ ಬಂದ ನೆಂಟರೆಲ್ಲ ಇದ್ಯಾರು, ಇದ್ಯಾರು ಎಂದು ಕೇಳಿದರು. ಅಜ್ಜಿ ಯಾರಿಗೂ ವಿವರಿಸುವ ಗೋಜಿಗೆ ಹೋಗದೆ, “ನಮ್ಮನೆಯವ್ರು” ಎಂದಷ್ಟೇ ಹೇಳಿ ಎಲೆ ಹಾಕಲು ನಡೆದಳು. ದಿನಾ ಬೆಳಿಗ್ಗೆ ಮಲ್ಲಿಗೆ ಮುಡಿಸುತ್ತ ಆ ಮುಖದ ಜೊತೆ ಏನೇನೋ ಮಾತಾಡುತ್ತಿದ್ದಳು, ಒಮ್ಮೊಮ್ಮೆ ಒಬ್ಬಳೇ ನಗುತ್ತಿದ್ದಳು. ಈಗ ಅಜ್ಜಿ ಇಲ್ಲ, ಅಪ್ಪ ಇಲ್ಲ, ಅತ್ತೆ ಹೋಗಿ ಒಂದು ವರ್ಷವಾಯಿತು. ಮನೆಯಿದ್ದ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ, ಫೋಟೊ ನನ್ನ ಮನೆಯ ಗೋಡೆಯಲ್ಲಿದೆ. ಮೊಮ್ಮಗಳು ಅದನ್ನು ತೋರಿಸಿ ‘ನಗೋ ತಾತ’ ಎನ್ನುತ್ತಾಳೆ. ಅವಳಿಗೆ ಮೀಸೆಯ ಕಥೆ ಹೇಳಹೊರಟೆ. ಹೇಗಿತ್ತು ಎಂದು ಕೇಳಿದಳು. ಅದನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ನಾನೊಬ್ಬಳೇ, ನಾನು ಹೇಳಿದ್ದೇ ನಿಜ. ಬಾಯಿ ತೆರೆದೆ. ಮೇಲಕ್ಕಿತ್ತೋ, ಇಳಿಬಿದ್ದಿತ್ತೋ, ಏನು ಮಾಡಿದರೂ ನೆನಪಿಗೆ ಬರಲಿಲ್ಲ.