ಅಮಸಿದ್ದ ಮುತ್ಯಾನಿಗಾಗಿ ಪ್ರಜ್ಞಾ ಕಟ್ಟಿದ ಮೂರನೆಯ ಡಬ್ಬಿ

ದೇವರ ಹಿಪ್ಪರಗಿಯ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಇನ್ನೂ ಒಲೆ ಹೊತ್ತಿಲ್ಲ. ಪಕ್ಕದ ರಿಪೇರಿ ಅಂಗಡಿಯ ಶಟರ್ ಮಾತ್ರ ಅರ್ಧ ಎದ್ದಿದೆ. ಒಳಗೆ ಪ್ರಜ್ಞಾ ಫ್ಯಾನು ಆರಿಸಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾರೆ. ಎದುರಿಗೆ ಬುತ್ತಿ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ. ಅದರೊಳಗೆ ನಿನ್ನೆ ಬೆಸುಗೆ ಹಾಕಿದ ಸರ್ಕಿಟ್. ಹಾಡು ಮಾತ್ರ ಹಚ್ಚಿಲ್ಲ.

"ಹಾಡ ಇಲ್ದಾಗ ಡಬ್ಬಿ ಸುಮ್ನ ಕುಂದರಬೇಕ್ರಿ. ಒಳಗಿಂದ ಸುಂಯ್ ಅಂತಂದ್ರ ಅದು ನಪಾಸ್. ಬಸ್ ಓಡಾಡಾಕ ಚಾಲೂ ಆದ್ವಂದ್ರ ಆ ಸುಂಯ್ ಗೊತ್ತಾಗಂಗಿಲ್ಲ. ಅದಕ್ಕ ಇಷ್ಟ ಲಗೂ ಬರ್ತೇನಿ," ಎನ್ನುತ್ತಾರೆ.

ತಾಂಬಾದಿಂದ ಮೊದಲ ಬಸ್ಸಿಗೆ ಅಮಸಿದ್ದ ಮುತ್ಯಾ ಬರುವವರಿದ್ದಾರೆ. ಡಬ್ಬಿ ಅವರಿಗಾಗಿಯೇ. ಇದು ಮೂರನೆಯದು, ಹಿಂದಿನ ಎರಡೂ ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗಿವೆ.

ಅಮಸಿದ್ದ ಡೊಳ್ಳಿನ ಪದಗಳ ಹಿರಿಯ ಹಾಡುಗಾರ, ಎಲ್ಲರಿಗೂ ಮುತ್ಯಾ, ಅಂದರೆ ಅಜ್ಜ. ಆಯುಷ್ಯವೆಲ್ಲ ಡೊಳ್ಳಿನ ಮಗ್ಗುಲಲ್ಲೇ ನಿಂತು ಹಾಡಿ ಕಿವಿ ಮಂದವಾಗಿವೆ. ಈಗ ಅವರ ಕೆಲಸ ಕಲಿಸುವುದು. ಹೊರ್ತಿಯ ಮಾಳಿಂಗ ಮತ್ತು ಅವರ ಮೇಳದವರು ಹಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಮುತ್ಯಾ ಕೇಳಿ ತಿದ್ದಬೇಕು. ಕೇಳಿಸಿದರಲ್ಲವೇ ತಿದ್ದುವುದು! ಕೆಲವು ತಿಂಗಳಿಂದ ಏನು ಕಳಿಸಿದರೂ "ಬರೋಬರಿ ಐತಿ" ಎಂಬ ಒಂದೇ ಉತ್ತರ. ಮೇಳದವರಿಗೆ ಅನುಮಾನ ಬಂದಿದೆ. ಚಾರ್ಜರ್ ರಿಪೇರಿಗೆ ಬಂದಾಗ ಮಾಳಿಂಗ ಪ್ರಜ್ಞಾ ಅವರ ಮುಂದೆ ಬಾಯಿಬಿಟ್ಟಿದ್ದರು: "ಬೇಕಂತ ತಪ್ಪ ಹಾಡಿ ಕಳಿಸಿದ್ವಿ. ಅದಕ್ಕೂ ಬರೋಬರಿ ಅಂದ್ರು. ಇನ್ ಕಳಿಸಿ ಏನ್ ಮಾಡೂದು, ಅಕ್ಕಾ?"

ಆ ಮಾತು ಕೇಳಿ ಪ್ರಜ್ಞಾ ಅವರಿಗೆ ಸಂಕಟವಾಯಿತು. ಕಳಿಸುವುದು ನಿಂತರೆ ಮುತ್ಯಾ ಗುರುವಾಗಿರುವುದೂ ಅಲ್ಲಿಗೇ ಮುಗಿಯಿತು. ಕಿವಿಗೆ ಹಾಕುವ ಯಂತ್ರ ಮುತ್ಯಾನ ಬಳಿ ಇದೆ, ಆದರೆ ಅದು ಗೋಡೆಯ ಗೂಡಿನಲ್ಲೇ ಬಿದ್ದಿದೆ. "ಅದ ಹಾಕ್ಕೊಂಡ್ರ ಇಡೀ ಸಂತೀನ ಕಿವ್ಯಾಗ ಬಂದಂಗ ಆಕೈತಿ" ಎನ್ನುವುದು ಮುತ್ಯಾನ ತಕರಾರು. ಮೊಬೈಲಿಗೆ ನೇರ ಹೆಡ್‌ಫೋನ್ ಹಚ್ಚಿದರೆ ದನಿ ಸಾಲದು. ನಡುವೆ ಒಂದು ಆಂಪ್ಲಿಫೈಯರ್ ಇರಲೆಂದು ಪ್ರಜ್ಞಾ ತಾವಾಗಿಯೇ ಕೆಲಸ ಹಚ್ಚಿಕೊಂಡರು.

ಅಪ್ಪ ಪರಶು ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಮುಂದಿನ ಹಳ್ಳಿಗೆ ಕೇಳದಿದ್ದರೆ ಅದೆಂಥ ಸೆಟ್ಟು ಎನ್ನುತ್ತಿದ್ದರಂತೆ. ಮಗಳು ಇಂಡಿ ಪಟ್ಟಣದಲ್ಲಿ ಐಟಿಐ ಓದಿ ಬಂದು ಅದೇ ಅಂಗಡಿಯಲ್ಲಿ ಕೂತರು. ಮಿಕ್ಸರ್, ಇಂಡಕ್ಷನ್ ಒಲೆ, ಟ್ರ್ಯಾಕ್ಟರಿನ ಟೇಪು, ಬಂದದ್ದೆಲ್ಲ ಬಿಚ್ಚುತ್ತಾರೆ. ಇಂದಿಗೂ ಗಿರಾಕಿಗಳು ಮೇಜಿನ ಹಿಂದೆ ಇಣುಕಿ "ಮೇಸ್ತ್ರಿ ಎಲ್ಲಿ ಹೋಗ್ಯಾನ?" ಎಂದು ಕೇಳುವುದುಂಟು. "ನಾನ ರೀ, ಏನಾಗೇತಿ ತೋರಸ್ರಿ" ಎಂದು ಕೈ ಚಾಚುವುದು ಅವರಿಗೆ ರೂಢಿಯಾಗಿದೆ. ಸಿಟ್ಟು ಬರುತ್ತದೆಯೇ ಎಂದರೆ, ಸಂತೆಯ ದಿನ ಸಿಟ್ಟಾಗಲು ಪುರುಸೊತ್ತಿಲ್ಲ ಎಂದು ನಗುತ್ತಾರೆ.

ಮೊದಲ ಡಬ್ಬಿಯಲ್ಲಿ ಅಪ್ಪನ ಪಾಠವೇ ಕೆಲಸ ಮಾಡಿತು. ಸಣ್ಣ ಸ್ಪೀಕರುಗಳಿಗೆ ಎಲ್ಲರೂ ಹಾಕುವ, ದನಿಯನ್ನು ಸಿಕ್ಕಾಪಟ್ಟೆ ಹಿಗ್ಗಿಸುವ ಐಸಿ ಚಿಪ್ ಹಾಕಿದರು. ಹಾಡಿನ ಜೊತೆಗೆ ಸುಂಯ್ ಎನ್ನುವ ಸದ್ದೂ ಹಿಗ್ಗಿತು. ಅಡಾಪ್ಟರಿನ ಗುಂಯ್‌ಗುಡುವಿಕೆ ಬೇರೆ. ಮುತ್ಯಾ ಹೆಡ್‌ಫೋನ್ ಕಿತ್ತಿಟ್ಟು, "ಪದ ಎಲ್ಲೈತಿ ತಂಗಿ? ಬರೇ ಡೊಳ್ಳ ಬಡ್ಯಾಕತ್ತೇತಿ" ಎಂದರು.

ಅದಕ್ಕೆ ಕಾರಣ ಹುಡುಕುತ್ತ ಪ್ರಜ್ಞಾ ಹೊರ್ತಿಗೇ ಹೋದರು. ಅಲ್ಲಿ ಮೇಳದವರು ಡೊಳ್ಳಿಗೆ ಭಂಡಾರದ ಅರಿಶಿನ ಹಚ್ಚಿ ಕೈಮುಗಿದರು. ಆಮೇಲೆ ಕಾಯಿ, ಎಲೆ, ಅಡಿಕೆ ಎಲ್ಲವನ್ನೂ ಅದರ ಮುಂದಿಟ್ಟರು. ಗುರುವಿಗೆ ಹೋಗುವ ಹಾಡಲ್ಲವೇ, ಮೊಬೈಲನ್ನೂ ಭಕ್ತಿಯಿಂದ ಅಲ್ಲೇ ಇಟ್ಟರು! ಡೊಳ್ಳಿನ ಬಾಯಿಗೇ ಮೈಕು ಹಿಡಿದಂತಾಗಿತ್ತು. "ಸ್ವಲ್ಪ ದೂರ ಇಡ್ರಿ ಅಂದೆ. ಇಟ್ರು. ನಾ ಬಸ್ ಹತ್ತೂದ್ರಾಗ ಮತ್ತ ಅಲ್ಲೇ ತಂದಿಟ್ಟಿದ್ರು. ಅವರ ನಡಾವಳಿ ಬದ್ಲಿಸಾಕ ನಾ ಯಾರ್ರಿ? ಸರ್ಕಿಟ್ಟ ಬದ್ಲಿಸಬೇಕು."

ಎರಡನೆಯ ಡಬ್ಬಿಗೆ ಬೇರೆ ಸರ್ಕಿಟ್ ಆರಿಸಿದರು. ದನಿಯನ್ನು ಹದವಾಗಿ ಹಿಗ್ಗಿಸುವ, ತನ್ನ ಸದ್ದು ಸೇರಿಸದ ಐಸಿ. ಹೆಡ್‌ಫೋನ್ ನಡೆಸಲು ಅದರ ಹಿಂದೆ ಒಂದು ಜೊತೆ ಟ್ರಾನ್ಸಿಸ್ಟರ್. ಅಡಾಪ್ಟರ್ ಬದಲು ಬ್ಯಾಟರಿ. ಮೊಬೈಲಿನಿಂದ ದನಿ ಒಳಬರುವ ಕಡೆ ಪುಟ್ಟ ಕೆಪ್ಯಾಸಿಟರ್ ಹಾಕಿದರು. ಅದು ಪುಟ್ಟದಿದ್ದಷ್ಟೂ ಡೊಳ್ಳಿನಂಥ ದಪ್ಪ ದನಿ ಒಳಗೆ ಬರುವುದಿಲ್ಲ. ಪದ ಸ್ವಚ್ಛ ಕೇಳಿತು. ಪ್ರಜ್ಞಾ ಹಿಗ್ಗಿದರು. ಮುತ್ಯಾನ ಮುಖ ಮಾತ್ರ ಸಣ್ಣದಾಯಿತು. "ಡೊಳ್ಳ ಎಲ್ಲಿ ಹೋತು? ತಾಳ ತಪ್ಪಿದ್ರ ನನಗ ಹ್ಯಾಂಗ ಗೊತ್ತಾಗಬೇಕ?"

ಈ ಮೂರನೆಯದರಲ್ಲಿ ಸರ್ಕಿಟ್ ಅದೇ. ಕೆಪ್ಯಾಸಿಟರನ್ನು ಒಂದೊಂದಾಗಿ ಹಾಕಿ ತೆಗೆದು, ಡೊಳ್ಳೂ ಇದ್ದು ಮಾತೂ ತಿಳಿಯುವ ಅಳತೆಗೆ ತಂದಿದ್ದಾರೆ. ವಾಲ್ಯೂಮ್ ಒಂದು ಮಟ್ಟ ದಾಟದ ಹಾಗೆಯೂ ಮಾಡಿದ್ದಾರೆ. ಉಳಿದ ಕಿವಿಯಾದರೂ ಉಳಿಯಲಿ ಎಂಬ ಕಾಳಜಿ.

ಬಸ್ಸು ಬರುತ್ತದೆ. ಬಿಳಿ ರುಮಾಲಿನ ಅಮಸಿದ್ದ ಇಳಿದು, ಡಬ್ಬಿಯ ಕಡೆ ಕಣ್ಣೂ ಹಾಯಿಸದೆ ಸ್ಟೂಲಿನ ಮೇಲೆ ಕೂರುತ್ತಾರೆ. ಎರಡು ಸಲ ಸೋತವರ ಎದುರು ಹೆಚ್ಚು ಆಸೆ ತೋರಿಸಬಾರದೆಂಬ ದಾಕ್ಷಿಣ್ಯ ಇರಬೇಕು. ಪ್ರಜ್ಞಾ ಹೆಡ್‌ಫೋನ್ ತೊಡಿಸಿ, ಮಾಳಿಂಗ ನಿನ್ನೆ ಕಳಿಸಿದ ಪದ ಹಚ್ಚುತ್ತಾರೆ. ಮುತ್ಯಾನ ಬೆರಳು ಮೇಜಿನ ಮೇಲೆ ತಾಳ ಹಾಕತೊಡಗುತ್ತದೆ. ಒಂದೆಡೆ ಬೆರಳು ಗಕ್ಕನೆ ನಿಲ್ಲುತ್ತದೆ.

"ಫೋನ್ ಹಚ್ಚ ಅವಗ!" ಮುತ್ಯಾ ಗುಡುಗುತ್ತಾರೆ. ಆ ಕಡೆ ಮಾಳಿಂಗ "ಹಲೋ" ಎನ್ನುವಷ್ಟರಲ್ಲೇ ಶುರು: "ಬೀರದೇವರ ಹೆಸರ ನಡಬರಕ ಮುರದು ಉಸರ ತಗೊಂಡೆಲ್ಲೋ! ಡೊಳ್ಳಿನ ಪೆಟ್ಟಿನ್ಯಾಗ ಮುಚ್ಚಿ ಹೋಕೈತಿ ಅಂತ ತಿಳಕೊಂಡೇನು? ಮತ್ತ ಹಾಡಿ ಕಳಸು!" "ಹೌದ್ರಿ ಮುತ್ಯಾ, ಈಗ ಕಳಸ್ತೇನ್ರಿ" ಎನ್ನುವ ಮಾಳಿಂಗರ ದನಿಯಲ್ಲಿ ಅಳುಕಿಗಿಂತ ಖುಷಿಯೇ ಹೆಚ್ಚು.

ಮುತ್ಯಾ ಡಬ್ಬಿಯನ್ನು ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸಿನ ಕಡೆ ಹೊರಟಿದ್ದಾರೆ. ಪ್ರಜ್ಞಾ ಈಗ ಫ್ಯಾನು ಹಚ್ಚಿ, ಯಾರದೋ ಮಿಕ್ಸರ್ ಬಿಚ್ಚಲು ಕೂತಿದ್ದಾರೆ. ಮುತ್ಯಾ ಒಂದು ಒಳ್ಳೆಯ ಮಾತೂ ಆಡಲಿಲ್ಲವಲ್ಲ ಎಂದರೆ ತಲೆ ಎತ್ತದೆ ನಗುತ್ತಾರೆ.

"ಡಬ್ಬಿ ಚಲೋ ಐತಿ ಅಂತ ಅನ್ಲಿಲ್ಲ, ಖರೆ. ಆದ್ರ ಮಾಳಿಂಗಣ್ಣಗ ಬೈದ್ರಲ್ರಿ. ನನಗ ಅದ ಬೇಕಾಗಿತ್ತು."